ಬೇಕಲದಲ್ಲಿ ಕಂಡ ಸೂರ್ಯನ ಉಂಗುರಗಳು

ನಂತೂರು ವೃತ್ತದಿಂದ ಹೆದ್ದಾರಿ 66ರಲ್ಲಿ ತೆಂಕಕ್ಕೆ ಹೊರಟು, ಪಂಪ್‌ವೆಲ್, ತೊಕ್ಕೊಟ್ಟು, ತಲಪಾಡಿ ದಾಟಿ, ಕಾಸರಗೋಡಿನಿಂದಾಚೆ ಕಡಲ ಬದಿಗೆ ಹೊರಳಿದರೆ ಬೇಕಲ ಕೋಟೆ. ಹೆಚ್ಚಿನವರಿಗೆ ಅದು ಟಿಪ್ಪುವಿನ ಕೋಟೆ, ಇಲ್ಲವೇ ಮಣಿರತ್ನಂ ‘ಬಾಂಬೆ’ ಚಿತ್ರದ ಹಾಡು ತೆಗೆದ ಜಾಗ. ಸೂರ್ಯನ ವಾತಾವರಣದ ಅಧ್ಯಯನದ ಚರಿತ್ರೆಯಲ್ಲಿಯೂ ಈ ಕೋಟೆಗೆ ಒಂದು ಪುಟವಿದೆ. ಕರಾವಳಿಯವರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಾದ ಪುಟ ಅದು.

1871ರ ಡಿಸೆಂಬರ್ 12ರ ಬೆಳಿಗ್ಗೆ ಖಗ್ರಾಸ ಗ್ರಹಣ. ಬೇಕಲ ಆಗ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯದು. ಇಂಗ್ಲೆಂಡಿನಿಂದ ಹಡಗೇರಿ ಬಂದ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಮತ್ತು ಸಂಗಡಿಗರು ಕೋಟೆಯಲ್ಲಿ ದೂರದರ್ಶಕಗಳನ್ನು ಹೂಡಿದ್ದರು. ರಾಹುವನ್ನು ಬೆದರಿಸಿ ಓಡಿಸಲು ಕೋಟೆಯ ಕೆಳಗೆ ಜನ ಬೆಂಕಿ ಹಾಕಿದರು. ಹೊಗೆ ಮೇಲೇರಿ ಸೂರ್ಯನಿಗೇ ಅಡ್ಡ ಬಂದೀತೆಂಬ ಆತಂಕದಲ್ಲಿ ಪೊಲೀಸರು ಅದನ್ನು ಆರಿಸಬೇಕಾಯಿತು.

ಕತ್ತಲೆ ಇದ್ದದ್ದು ಸುಮಾರು 2 ನಿಮಿಷ. ಅಷ್ಟರಲ್ಲಿ ಲಾಕಿಯರ್ ಪಟ್ಟಕಗಳ ಸಾಲಿನ ಮೂಲಕ ಸೂರ್ಯನ ಅಂಚನ್ನು ನೋಡಿದ. ಮುಚ್ಚಿದ ಸೂರ್ಯನ ಸುತ್ತಲಿನ ಬೆಳಕು ಬಣ್ಣಬಣ್ಣದ ಉಂಗುರಗಳಾಗಿ ಬಿಡಿಸಿಕೊಂಡು ನಿಂತಿತ್ತು: ಹೈಡ್ರೋಜನ್ನಿನ ಕೆಂಪು, ನೀಲಿ, ನೇರಳೆ, ಜೊತೆಗೆ ಆಗ ಯಾರಿಗೂ ಗುರುತು ಸಿಗದ ಒಂದು ಹಸಿರು. ಆ ಹಸಿರು ಲಕ್ಷಾಂತರ ಡಿಗ್ರಿ ಶಾಖದಲ್ಲಿ ಅರ್ಧದಷ್ಟು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ತಿಳಿಯಲು ಮತ್ತೆ 70 ವರ್ಷ ಬೇಕಾಯಿತು. ಇದಕ್ಕೆ ಮೂರು ವರ್ಷ ಮೊದಲು, 1868ರ ಗ್ರಹಣದಲ್ಲಿ, ಖಗೋಳವಿಜ್ಞಾನಿ ವಿಲಿಯಂ ಹರ್ಷಲ್‌ನ ಮೊಮ್ಮಗ ಜಾನ್ ಹರ್ಷಲ್ ನಮ್ಮ ಜಮಖಂಡಿಯಲ್ಲಿ ಕುಳಿತು ಸೂರ್ಯನ ಅಂಚಿನ ಅನಿಲ ಚಾಚಿಕೆಗಳ ರೋಹಿತವನ್ನು ನೋಡಿದ್ದ.

ಗ್ರಹಣಕ್ಕಾಗಿ ಸಾವಿರಾರು ಮೈಲಿ ಬಂದ ಇವರಿಗೆ ಒಂದು ಸಂಗತಿ ಮಾತ್ರ ಎಂದಿಗೂ ಸಿಗುವಂತಿರಲಿಲ್ಲ. ಸೂರ್ಯನ ವಾತಾವರಣ ಸುಮ್ಮನೆ ನಿಂತಿಲ್ಲ, ಅದು ಸದಾ ಕಂಪಿಸುತ್ತದೆ. ಮೇಲ್ಮೈಯ ಏರಿಳಿತದ ಒಂದು ಸುತ್ತಿಗೆ ಸುಮಾರು 5 ನಿಮಿಷ, ಅದರ ಮೇಲಿನ ವರ್ಣಗೋಳದಲ್ಲಿ ಸುಮಾರು 3. ಎರಡು ನಿಮಿಷದ ಕತ್ತಲಲ್ಲಿ ಮೂರು ನಿಮಿಷದ ಕಂಪನವನ್ನು ಹಿಡಿಯುವುದಾದರೂ ಹೇಗೆ? 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ರಾಬರ್ಟ್ ಲೈಟನ್ ಗ್ರಹಣದ ಹಂಗಿಲ್ಲದೆ, ಸೂರ್ಯನ ಅದೇ ಭಾಗವನ್ನು ಮತ್ತೆ ಮತ್ತೆ ಅಳೆದಾಗಲೇ 5 ನಿಮಿಷದ ಏರಿಳಿತ ಕಾಣಿಸಿತು.

ಈ ಕಂಪನಗಳನ್ನು ಕದಡಬಲ್ಲದ್ದು ಸೌರಜ್ವಾಲೆ, ಅಂದರೆ ಸೂರ್ಯನಲ್ಲಿ ಹಠಾತ್ತನೆ ಸಿಡಿಯುವ ಸ್ಫೋಟ. 1859ರ ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ ಅವುಗಳ ಮೇಲೆ ಹಠಾತ್ತನೆ ಬಿಳಿ ಬೆಳಕು ಹೊಳೆದು ಕೆಲವೇ ನಿಮಿಷಗಳಲ್ಲಿ ಮಾಯವಾಗಿತ್ತು. ಮರುದಿನ ಭೂಮಿಗೆ ಬಡಿದ ಕಾಂತೀಯ ಬಿರುಗಾಳಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿಯೂ ದಾಖಲಾಯಿತು. ಭೂಮಿಯವರೆಗೆ ಕೈ ಚಾಚುವ ಈ ಸ್ಫೋಟ ಸ್ವತಃ ಸೂರ್ಯನಿಗೆ ಏನು ಮಾಡುತ್ತದೆ? ಉತ್ತರ ಕಣ್ಣಿಗೆ ಕಾಣಿಸಿದ್ದು 1996ರ ಜುಲೈ 9ರ ಜ್ವಾಲೆಯಲ್ಲಿ. ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಮಾಹಿತಿಯನ್ನು ಪರಿಶೀಲಿಸಿದ ಕೊಸೊವಿಚೆವ್ ಮತ್ತು ಝಾರ್ಕೋವಾ, ಜ್ವಾಲೆ ಹೊಡೆದ ಜಾಗದಿಂದ ಸುಮಾರು 3 ಕಿ.ಮೀ. ಎತ್ತರದ ಅಲೆಗಳು ವೃತ್ತಾಕಾರವಾಗಿ ಹರಡಿದ್ದನ್ನು 1998ರಲ್ಲಿ ಪ್ರಕಟಿಸಿದರು. ಸೂರ್ಯಕಂಪವೊಂದು ಮೊದಲ ಬಾರಿಗೆ ಕೈಗೆ ಸಿಕ್ಕಿತ್ತು.

ವರ್ಣಗೋಳದ ವರ್ತನೆ ಇನ್ನೂ ಸ್ವಾರಸ್ಯಕರ. ಗಂಟೆಯನ್ನು ಯಾವುದರಿಂದ ಹೊಡೆದರೂ ಅದು ತನ್ನ ಸ್ವರದಲ್ಲೇ ಮೊಳಗುತ್ತದಲ್ಲ, ಹಾಗೆಯೇ ಇದು. 2011ರ ಫೆಬ್ರವರಿ 15ರ ದೊಡ್ಡ ಜ್ವಾಲೆಯ ಹೊತ್ತಿನಲ್ಲಿ ಹೈಡ್ರೋಜನ್ ಹೊಮ್ಮಿಸುವ ಅತಿನೇರಳೆ ಬೆಳಕು ಸುಮಾರು 3 ನಿಮಿಷಕ್ಕೊಮ್ಮೆ ಏರಿಳಿದದ್ದು 2017ರಲ್ಲಿ ವರದಿಯಾಯಿತು. ಆದರೆ ಜ್ವಾಲೆ ಕಂಪನವನ್ನು ಹೆಚ್ಚಿಸುತ್ತದೆ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಬೇಕಲದಲ್ಲಿ ಕಂಡ ಅದೇ ಕೆಂಪು ಹೈಡ್ರೋಜನ್ ಬೆಳಕಿನ ಚಿತ್ರಗಳನ್ನು ಇಂದು ‘ಗಾಂಗ್’ ಎಂಬ ಜಾಲ ತೆಗೆಯುತ್ತದೆ. ಒಂದು ಕಡೆ ರಾತ್ರಿಯಾದರೆ ಇನ್ನೊಂದು ಕಡೆ ಹಗಲಿರುವಂತೆ ಜಗತ್ತಿನ ಸುತ್ತ ಅದಕ್ಕೆ 6 ಕೇಂದ್ರಗಳಿವೆ, ಉದಯಪುರದ್ದು ಅವುಗಳಲ್ಲೊಂದು. ಈ ಚಿತ್ರಗಳ 2016ರ ಅಧ್ಯಯನವೊಂದರಲ್ಲಿ, ಜ್ವಾಲೆಯ ಆಸುಪಾಸಿನಲ್ಲಿ ತೀರಾ ನಿಧಾನದ ಏರಿಳಿತಗಳು ಬಲಗೊಂಡರೆ, 3 ಮತ್ತು 5 ನಿಮಿಷದವು ಸೇರಿದ ವೇಗದ ಕಂಪನಗಳು ಕುಗ್ಗಿದ್ದವು. ಕಂಪನದ ಶಕ್ತಿ ಶಾಖವಾಗಿ ಮಾರ್ಪಡುತ್ತಿರಬಹುದೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಅದರ ಬೆನ್ನು ಹಿಡಿಯಲು ಒಂದೇ ಜ್ವಾಲೆಯನ್ನು ಬೇರೆ ಬೇರೆ ಪದರಗಳಲ್ಲಿ ನೋಡಬೇಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಮಂಗಳೂರಿನವರು ಮನೆಯಂಗಳದಿಂದಲೇ ಕಂಡ ನಾಲ್ಕು ವರ್ಷಕ್ಕೆ, ಅಂದರೆ 2024ರ ಜನವರಿ 6ರಂದು, ಭಾರತದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1 ಎಂದೂ ಸೂರ್ಯ ಮರೆಯಾಗದ ನೆಲೆಗೆ ತಲುಪಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ ಅದರ ಕರೋನಾ (ಸೂರ್ಯನ ಹೊರ ವಾತಾವರಣ) ದರ್ಶಕ, ಲಾಕಿಯರ್‌ಗೆ ಒಗಟಾಗಿದ್ದ ಆ ಹಸಿರು ಬೆಳಕನ್ನೇ ಅಳೆಯುತ್ತದೆ. ಜ್ವಾಲೆಯ ಎಕ್ಸ್-ಕಿರಣ ಹಿಡಿಯುವ ಉಪಕರಣ ತಯಾರಾದದ್ದು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಹೆಸರಿನ ಉಪಗ್ರಹ ಕೇಂದ್ರದಲ್ಲಿ. ನೌಕೆ ನೆಲೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಫೆಬ್ರವರಿ 22ರಂದು ಭಾರೀ ಜ್ವಾಲೆಯೊಂದು ಸಿಡಿಯಿತು, ಪುಣೆಯಲ್ಲಿ ರೂಪುಗೊಂಡ ಅತಿನೇರಳೆ ದೂರದರ್ಶಕ ಅದರ ಬುಡವನ್ನು ಕೆಳಗಿನ ಪದರಗಳಲ್ಲೇ ಸೆರೆಹಿಡಿಯಿತು.