ಹೊಲದ ಗಡ್ಡಿ, ಹೊಟ್ಟೆಯ ಗಡ್ಡಿ

"ಹೊಟ್ಟ್ಯಾಗ ಗಡ್ಡಿ ಐತಂತ." ಬಳ್ಳಾರಿಯಿಂದ ಆದೋನಿಗೆ ಹೋಗುವ ದಾರಿಯಲ್ಲಿ, ಹಗರಿ ಹೊಳೆಯ ಆಸುಪಾಸಿನ ಮೋಕದಂಥ ಊರುಗಳಲ್ಲಿ ಹೆಂಗಸರು ಈ ಮಾತನ್ನು ದನಿ ತಗ್ಗಿಸಿ ಆಡುತ್ತಾರೆ. ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವಳು ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಅವ್ವನಿಗೆ. ಅದೇ ಪದವನ್ನು ಅದೇ ಮನೆಯಲ್ಲಿ ಯಾವ ಅಂಜಿಕೆಯೂ ಇಲ್ಲದೆ ದಿನಕ್ಕೆ ಹತ್ತು ಸಲ ಬಳಸುತ್ತಾರೆ. ಉಳ್ಳಾಗಡ್ಡಿ ಹೆಚ್ಚುತ್ತಾರೆ, ಆಲೂಗಡ್ಡಿ ಬೇಯಿಸುತ್ತಾರೆ. ಹೊಲದಲ್ಲಿ ಬೆಳೆದರೆ ಬದುಕು, ಹೊಟ್ಟೆಯಲ್ಲಿ ಬೆಳೆದರೆ ಭಯ. ಒಂದು ಪದ ಇಷ್ಟು ದೂರ ನಡೆದು ಬಂದದ್ದು ಹೇಗೆಂದು ಹುಡುಕುವುದು ನಿಘಂಟಿನ ಕೆಲಸವಷ್ಟೇ ಅಲ್ಲ. ಈ ಪದದ ಹಿಂದೆ ಹೆಣ್ಣುಮಕ್ಕಳ ಜೀವ ಇದೆ.

ಗಡ್ಡೆ ಅಚ್ಚ ದ್ರಾವಿಡ ಮಾತು. ತಮಿಳಿನ ಕಟ್ಟಿ, ತೆಲುಗಿನ ಗಡ್ಡ, ಕನ್ನಡದ ಗಟ್ಟಿ ಇದರ ಒಡಹುಟ್ಟುಗಳು. ಒಟ್ಟಾಗಿ ಬಿಗಿದದ್ದು, ಗಟ್ಟಿಯಾಗಿ ನಿಂತದ್ದು ಎಂಬುದು ಈ ಬಳಗದ ಮೂಲ ಅರ್ಥ. ನೀರು ಗಟ್ಟಿಯಾದರೆ ಮಂಜುಗಡ್ಡೆ. ಹೊಳೆಯ ನಡುವೆ ಮಣ್ಣು ಕೂಡಿ ಎದ್ದರೆ ನಡುಗಡ್ಡೆ. ಹಂಪಿಯ ಎದುರು ತುಂಗಭದ್ರೆಯಲ್ಲಿ ವಿರೂಪಾಪುರ ಗಡ್ಡಿ ಇದೆ. ಕೃಷ್ಣೆಯಲ್ಲಿ ಪ್ರವಾಹ ಬಂದಾಗಲೆಲ್ಲ ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ತೆಲುಗಿನಲ್ಲಿ ಗಡ್ಡ ಎಂದರೆ ನೆಲವೂ ಹೌದು, ಕುರುವೂ ಹೌದು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಾಗ ಗೆರೆ ಬಿದ್ದದ್ದು ಆಡಳಿತಕ್ಕೆ, ನಾಲಗೆಗಲ್ಲ. ಆಚೆಯ ತೆಲುಗು ಪತ್ರಿಕೆಗಳು ಮೈಯೊಳಗಿನ ಗಡ್ಡೆಗೆ 'ಕಣಿತಿ' ಎಂದು ಬರೆದರೂ ಮನೆಯ ಮಾತಿನಲ್ಲಿ ಅಲ್ಲಿಯೂ ಗಡ್ಡವೇ.

ಓದಿದವರ ಕನ್ನಡಕ್ಕೆ ಈ ಪದ ಸಾಲದಾಯಿತು. ಅವರು ಸಂಸ್ಕೃತದ ಕಡೆ ನೋಡಿದರು. ಅಲ್ಲಿ ಮೂರು ಪದಗಳಿದ್ದವು: ಗ್ರಂಥಿ, ಅರ್ಬುದ, ಗುಲ್ಮ. ಗ್ರಂಥಿ ಗಂಥಿಯಾಗಿ, ಗಂತಿಯಾಗಿ ನಮ್ಮಲ್ಲಿ ಉಳಿಯಿತು. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯ ಕನ್ನಡ ಹೆಸರು 'ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ'. ವೈದ್ಯವನ್ನು ಕನ್ನಡದಲ್ಲಿ ಬರೆಯಲು ಹೊರಟ ಹಿಂದಿನ ತಲೆಮಾರು ಕ್ಯಾನ್ಸರಿಗೆ 'ಏಡಿಗಂತಿ' ಎಂದದ್ದೂ ಇದೇ ಗಂತಿಯಿಂದ. ಗ್ರೀಕರು ಆ ರೋಗಕ್ಕೆ ಏಡಿಯ ಹೆಸರಿಟ್ಟಿದ್ದರಲ್ಲ, ಅದನ್ನು ನಮ್ಮವರು ಹಾಗೇ ಉಳಿಸಿಕೊಂಡರು. ಚೆಂದದ ಪದ, ಆದರೆ ಬಾಯಿಂದ ಬಾಯಿಗೆ ಹೋಗಲಿಲ್ಲ.

ಅರ್ಬುದದ ಕಥೆ ಇನ್ನೂ ಉದ್ದ. ವೇದದಲ್ಲಿ ಅದು ಇಂದ್ರ ಕೊಂದ ಒಬ್ಬ ಶತ್ರುವಿನ ಹೆಸರು. ಲೆಕ್ಕದಲ್ಲಿ ಕೋಟಿಗಳ ಸಂಖ್ಯೆ. ರಾಜಸ್ಥಾನದಲ್ಲಿ ಒಂದು ಬೆಟ್ಟ, ಇಂದಿನ ಅಬು. ಸುಶ್ರುತನಲ್ಲಿ ಅದು ಗುಂಡಗೆ, ಅಲುಗದೆ, ನೋವು ಕಡಿಮೆ ಇದ್ದು, ನಿಧಾನವಾಗಿ ಬೆಳೆಯುವ, ಬೇರು ಆಳಕ್ಕೆ ಇಳಿದ, ಕೀವಾಗದ ಮಾಂಸದ ಮುದ್ದೆ. ಆಶ್ಚರ್ಯವೆಂದರೆ ಬೌದ್ಧ ಗ್ರಂಥಗಳಲ್ಲಿ ಇದೇ ಪದ ತಾಯಿಯ ಹೊಟ್ಟೆಯಲ್ಲಿ ಬೆಳೆಯುವ ಪಿಂಡದ ಎರಡನೆಯ ಹಂತಕ್ಕೂ ಹೆಸರು. ಮಗುವಾಗಲಿರುವ ಮುದ್ದೆಗೂ ಕೊಲ್ಲಲಿರುವ ಮುದ್ದೆಗೂ ಒಂದೇ ಪದ. ಮುಟ್ಟಿ ನೋಡುವ ಕೈಯೊಂದೇ ಇದ್ದ ಕಾಲದಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭವಿರಲಿಲ್ಲ.

ಆ ಕಷ್ಟವನ್ನು ನೇರವಾಗಿ ಎದುರಿಸಿದ ಪದ ಗುಲ್ಮ. ಇಂದಿನ ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಒಂದು ಅಂಗಕ್ಕೆ ಅಂಟಿಕೊಂಡಿದೆ, ಪ್ಲೀಹಕ್ಕೆ. ಹಿಂದೆ ಗುಲ್ಮವೆಂದರೆ ಪೊದೆ, ಸೈನ್ಯದ ಒಂದು ತುಕಡಿ, ಹೊಟ್ಟೆಯೊಳಗಿನ ಗಡ್ಡೆ. ಚರಕಸಂಹಿತೆ ಅದರಲ್ಲೇ ಒಂದನ್ನು ರಕ್ತಗುಲ್ಮವೆಂದು ಪ್ರತ್ಯೇಕಿಸಿ, ಇದು ಹೆಣ್ಣಿಗೆ ಮಾತ್ರ ಬರುವುದು ಎನ್ನುತ್ತದೆ. ಮುಟ್ಟು ನಿಲ್ಲುತ್ತದೆ, ಬಸಿರಿನ ಲಕ್ಷಣಗಳೆಲ್ಲ ಕಾಣುತ್ತವೆ. ಆದರೆ ಬಸಿರಿನ ಕೂಸು ಕೈಕಾಲು ಆಡಿಸುತ್ತದೆ, ಗುಲ್ಮ ಒಟ್ಟು ಮುದ್ದೆಯಾಗಿ ಮಿಡಿಯುತ್ತದೆ. ಅನುಮಾನವಿದ್ದರೆ ಹತ್ತನೆಯ ತಿಂಗಳು ಕಳೆಯಲಿ, ಆಮೇಲೆ ಚಿಕಿತ್ಸೆ ಕೊಡು ಎಂಬುದು ಚರಕನ ಅಪ್ಪಣೆ. ಸ್ಕ್ಯಾನಿಂಗ್ ಇಲ್ಲದ ವೈದ್ಯನೊಬ್ಬ ಕೂಸನ್ನು ಕೊಲ್ಲದಿರಲು ಹಾಕಿಕೊಂಡ ಎಚ್ಚರ ಅದು. ಗೌರವ ಹುಟ್ಟಿಸುವ ಎಚ್ಚರ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲೂ ಇದೇ ಗೊಂದಲ ಇತ್ತು. 1809ರಲ್ಲಿ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ತಾನು ದಿನ ಮೀರಿದ ಬಸುರಿ ಎಂದುಕೊಂಡಿದ್ದಳು. ಈಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಪರೀಕ್ಷಿಸಿ, ಇದು ಕೂಸಲ್ಲ, ಅಂಡಾಶಯದ ಗಡ್ಡೆ ಎಂದ. ಅವಳು ಕುದುರೆಯ ಮೇಲೆ ಸುಮಾರು 60 ಮೈಲಿ ಹೋಗಿ, ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಹೊಟ್ಟೆ ಕುಯ್ಯಿಸಿಕೊಂಡಳು. ಹೊರಬಂದದ್ದು ಸುಮಾರು 10 ಕಿಲೋ ತೂಕದ ಗಡ್ಡೆ. ಆಮೇಲೆ ಅವಳು 32 ವರ್ಷ ಬದುಕಿದಳು.

ಈಗ ಮೋಕದ ಹೆಣ್ಣುಮಗಳಿಗೆ ಹತ್ತು ತಿಂಗಳು ಕಾಯುವ ಕೆಲಸವಿಲ್ಲ. ಬಸ್ಸು ಹತ್ತಿ ಬಳ್ಳಾರಿಗೆ ಹೋದರೆ 1961ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನ ವಿಮ್ಸ್ ಎಂದೇ ಬಲ್ಲದ್ದು, ಇದೆ. ಸ್ಕ್ಯಾನಿಂಗ್ ಸೆಂಟರುಗಳಂತೂ ಬೇಕಾದಷ್ಟಿವೆ. ಅಲ್ಲಿಂದ ಅವಳು ತರುವ ಸುದ್ದಿ ಮಾತ್ರ ಮತ್ತೆ ಅದೇ ಎರಡಕ್ಷರದ್ದು. ನನ್ನ ತಕರಾರು ಇರುವುದು ಇಲ್ಲಿ. ಗಡ್ಡೆ ಎಂಬುದು ರೋಗದ ಹೆಸರಲ್ಲ, ಅದು ಆಕಾರದ ಹೆಸರು. ಅದರೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಗತಿಗಳು ಕೂತಿವೆ.

ಬಹುಪಾಲು ಸಲ ಅದು ಫೈಬ್ರಾಯ್ಡ್, ಗರ್ಭಚೀಲದ ಸ್ನಾಯುವಿನ ನಿರಪಾಯದ ಗಂಟು. ಐವತ್ತರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಇರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಸಣ್ಣದಾಗುತ್ತದೆ. ಮುಟ್ಟು ನಿಂತ ಮೇಲೂ ಬೆಳೆಯುತ್ತಿದ್ದರೆ ಅಪರೂಪದ ಸಾರ್ಕೋಮಾ ಎಂಬ ಕ್ಯಾನ್ಸರಿನ ಅನುಮಾನ ಪಡಬೇಕು. ಎಳೆಯ ಹೆಣ್ಣುಮಕ್ಕಳ ಅಂಡಾಶಯದಲ್ಲಿ ಡರ್ಮಾಯ್ಡ್ ಬರುತ್ತದೆ. ಕುಯ್ದರೆ ಒಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು. ಇದನ್ನು ಕಂಡು ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೆದರುವವರಿದ್ದಾರೆ. ಮಾಟವಲ್ಲ. ಅಂಡಾಣುವಿಗೆ ದೇಹದ ಎಲ್ಲ ಅಂಗಾಂಶವನ್ನೂ ಕಟ್ಟುವ ಶಕ್ತಿ ಇದೆ, ಅದು ದಾರಿ ತಪ್ಪಿದಾಗ ಹೀಗಾಗುತ್ತದೆ. ನೂರರಲ್ಲಿ ಒಂದೆರಡು ಮಾತ್ರ ಕ್ಯಾನ್ಸರಿಗೆ ತಿರುಗುತ್ತವೆ.

ಅಂಡಾಶಯದಲ್ಲೇ ಬರುವ ಗ್ರಾನ್ಯುಲೋಸಾ ಗಡ್ಡೆ ಬೇರೆ ಜಾತಿ. ಅದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಸುರಿಸುತ್ತದೆ, ಹಾಗಾಗಿ ಮುಟ್ಟು ನಿಂತವಳಿಗೆ ಮತ್ತೆ ರಕ್ತ ಕಾಣುತ್ತದೆ, ಆಟವಾಡುವ ಕೂಸು ಮೈನೆರೆಯುವಂತೆ ಕಾಣುತ್ತದೆ. ಕ್ರುಕೆನ್‌ಬರ್ಗ್ ಗಡ್ಡೆ ಅಂಡಾಶಯದಲ್ಲಿ ಕಂಡರೂ ಬೇರು ಸಾಮಾನ್ಯವಾಗಿ ಜಠರದಲ್ಲಿರುತ್ತದೆ. ಹುಡುಗಿಯರಿಗೆ ಬರುವ ಡಿಸ್‌ಜರ್ಮಿನೋಮಾ ಕ್ಯಾನ್ಸರೇ. ಆದರೂ ಎಷ್ಟೋ ಸಲ ಒಂದು ಬದಿಯ ಅಂಡಾಶಯ ಮಾತ್ರ ತೆಗೆದು, ಬೇಕಿದ್ದರೆ ಕೀಮೋ ಕೊಟ್ಟು, ಮುಂದೆ ತಾಯಿಯಾಗುವ ಅವಕಾಶ ಉಳಿಸಬಹುದು. ಗರ್ಭಚೀಲಕ್ಕೆ ಕೈ ಹಾಕಬೇಕಿಲ್ಲ. ಎಎಫ್‌ಪಿ, ಎಲ್‌ಡಿಎಚ್, ಎಚ್‌ಸಿಜಿ, ಇನ್‌ಹಿಬಿನ್ ಎಂಬ ರಕ್ತಪರೀಕ್ಷೆಗಳು ಶಸ್ತ್ರಚಿಕಿತ್ಸೆಗೆ ಮೊದಲೇ ಸುಳಿವು ಕೊಡುತ್ತವೆ.

ಚರಕನ ರಕ್ತಗುಲ್ಮಕ್ಕೆ ತೀರ ಹತ್ತಿರದ್ದೆಂದು ನನಗನಿಸುವುದು ಮೋಲಾರ್ ಗರ್ಭ. ಮುಟ್ಟು ನಿಲ್ಲುತ್ತದೆ, ವಾಂತಿ ಬರುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೂಸು ಇರುವುದಿಲ್ಲ. ಮಾಸು ದ್ರಾಕ್ಷಿಗೊಂಚಲಿನಂತೆ ಉಬ್ಬಿರುತ್ತದೆ. ತೆಗೆದ ಮೇಲೂ ಎಚ್‌ಸಿಜಿ ಪರೀಕ್ಷೆಯನ್ನು ವೈದ್ಯರು ಸಾಕೆನ್ನುವವರೆಗೆ ಮಾಡಿಸುತ್ತಿರಬೇಕು, ಅಲ್ಲಿಯವರೆಗೆ ಮತ್ತೆ ಬಸಿರಾಗಬಾರದು. ಕೆಲವರಲ್ಲಿ ಅದು ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರಾಗುತ್ತದೆ. ಹಿಂದೆ ಅದು ಸಾವಿನ ಇನ್ನೊಂದು ಹೆಸರಾಗಿತ್ತು. 1956ರಲ್ಲಿ ಅಮೆರಿಕದ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಮೆಥೊಟ್ರೆಕ್ಸೇಟ್ ಕೊಟ್ಟು ಅದನ್ನು ಗುಣಪಡಿಸಿದರು. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರೊಂದು ಬರೀ ಔಷಧಿಯಿಂದ ಗುಣವಾದದ್ದು ಅದೇ ಮೊದಲು. ಆ ಔಷಧಿ ಮೂಡಿದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಂದಾಳಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಇನ್ನೊಂದು ಗಡ್ಡೆ ಇದೆ, ಅದು ಗಡ್ಡೆಯೇ ಅಲ್ಲ. ಹುಡುಗಿಗೆ ಹದಿನಾಲ್ಕು ಹದಿನೈದು. ಎದೆ ಬಂದಿದೆ, ಮೈ ತುಂಬಿದೆ, ಮುಟ್ಟಾಗಿಲ್ಲ. ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡುತ್ತದೆ, ಮುಟ್ಟಿದರೆ ಮುದ್ದೆ ಸಿಗುತ್ತದೆ. ಮುಟ್ಟು ನಿಜವಾಗಿ ಆಗುತ್ತಲೇ ಇದೆ, ಹೊರಬರಲು ದಾರಿ ಇಲ್ಲ. ಹೊರದಾರಿಗೆ ಪೊರೆಯೋ ಗೋಡೆಯೋ ಅಡ್ಡ ಇರುವುದರಿಂದ ರಕ್ತ ಒಳಗೇ ಕೂಡುತ್ತದೆ. ಒಟ್ಟಾಗಿ ನಿಂತದ್ದು ಎಂಬ ಗಡ್ಡೆಯ ಹಳೆಯ ಅರ್ಥ ಅಕ್ಷರಶಃ ನಿಜವಾಗುವುದು ಈ ಹುಡುಗಿಯ ಮೈಯಲ್ಲಿ. ಪೊರೆಯಾದರೆ ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಹೊಟ್ಟೆ ಉಬ್ಬಿದ್ದನ್ನು ಕಂಡು ಆ ಕೂಸಿನ ನಡತೆಯ ಮೇಲೆ ಅನುಮಾನ ಪಡುವುದು ಕ್ರೌರ್ಯ.

ಮುಟ್ಟಾಗದ ಹುಡುಗಿಯರಲ್ಲಿ ಕೆಲವರಿಗೆ ಗರ್ಭಚೀಲವೇ ಇರುವುದಿಲ್ಲ. ಗರ್ಭಚೀಲ ಮೂಲದಲ್ಲಿ ಒಂದಲ್ಲ, ಎರಡು ನಾಳ. 1830ರ ಸುಮಾರಿಗೆ ಯೋಹಾನೆಸ್ ಮ್ಯೂಲರ್ ವಿವರಿಸಿದ ಈ ನಾಳಗಳು ಭ್ರೂಣದ ಮೊದಲ ಮೂರು ತಿಂಗಳಲ್ಲಿ ಕೂಡಿ ಒಂದಾಗುತ್ತವೆ. ಕೂಡದಿದ್ದರೆ ಎರಡು ಗರ್ಭಚೀಲ, ನಡುಗೋಡೆ ಕರಗದಿದ್ದರೆ ಇಬ್ಭಾಗವಾದದ್ದು, ಬೆಳೆಯದಿದ್ದರೆ ಇಲ್ಲವೇ ಇಲ್ಲ. ಈ ಕೊನೆಯದಕ್ಕೆ ಮೇಯರ್, ರೋಕಿಟಾನ್‌ಸ್ಕಿ, ಕುಸ್ಟರ್, ಹೌಸರ್ ಎಂಬ ನಾಲ್ವರ ಹೆಸರಿದೆ. ಸುಮಾರು 5,000 ಹೆಣ್ಣುಮಕ್ಕಳಿಗೆ ಒಬ್ಬರಲ್ಲಿ ಕಾಣುತ್ತದೆ. ಮೂತ್ರಪಿಂಡಗಳೂ ಅದೇ ಹೊತ್ತಿನಲ್ಲಿ ಅದೇ ಜಾಗದಲ್ಲಿ ರೂಪುಗೊಳ್ಳುವುದರಿಂದ ಇಂಥವರ ಮೂತ್ರಪಿಂಡದ ಸ್ಕ್ಯಾನಿಂಗ್ ಕಡ್ಡಾಯ. ನಮ್ಮ ಭಾಷೆ ಇವರಿಗೆ ಇಟ್ಟಿರುವ ಹೆಸರು ಒಂದೇ, ಬಂಜೆ. ಸಂಸ್ಕೃತದ ವಂಧ್ಯಾ ಪ್ರಾಕೃತದ ದಾರಿಯಲ್ಲಿ ಸವೆದು ಬಂದ ಪದ. ಈ ಹೆಣ್ಣುಮಕ್ಕಳ ಅಂಡಾಶಯ ಸರಿಯಾಗಿಯೇ ಇರುತ್ತದೆ. 2014ರಲ್ಲಿ ಸ್ವೀಡನ್ನಿನಲ್ಲಿ ಕಸಿ ಮಾಡಿದ ಗರ್ಭಕೋಶದಿಂದ ಜಗತ್ತಿನ ಮೊದಲ ಮಗು ಹೆತ್ತವಳು ಇದೇ ತೊಂದರೆಯವಳು. ನಮ್ಮ 2021ರ ಬಾಡಿಗೆ ತಾಯ್ತನದ ಕಾಯ್ದೆಯ ಅಡಿಯಲ್ಲೂ ಗರ್ಭಕೋಶವಿಲ್ಲದ ಮದುವೆಯಾದ ಹೆಣ್ಣಿಗೆ ದಾರಿ ಇದೆ.

ಗಡ್ಡೆ ಎಂಬ ಒಂದೇ ಪದ ಮಾಡುವ ಕೇಡು ಎರಡು ಬಗೆಯದು. ಒಬ್ಬಳು ಹೆದರಿ, ಚಿಕ್ಕ ವಯಸ್ಸಿನಲ್ಲೇ, ಬೇಡದಿದ್ದರೂ ಗರ್ಭಚೀಲ ತೆಗೆಸಿಕೊಳ್ಳುತ್ತಾಳೆ. ಇನ್ನೊಬ್ಬಳು, ಎಲ್ಲರಿಗೂ ಗಡ್ಡಿ ಇರ್ತಾವ ಬಿಡು ಎಂದು ಕೂತು, ಕ್ಯಾನ್ಸರು ಹರಡಿದ ಮೇಲೆ ಬರುತ್ತಾಳೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು 2015ರಲ್ಲಿ ದೊಡ್ಡ ಸುದ್ದಿಯಾದವು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿಯನ್ನು ರಾಜ್ಯಗಳೆಲ್ಲ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ಪದವನ್ನು ಬದಲಿಸಿ ಎಂದು ನಾನು ಹೇಳುವುದಿಲ್ಲ. ಗಡ್ಡಿ ನಮ್ಮ ನೆಲದ ಮಾತು, ಎಲ್ಲರಿಗೂ ತಿಳಿಯುವ ಮಾತು, ಇರಲಿ. ಅದರ ಮುಂದೆ ಇನ್ನೊಂದು ಪದ ಸೇರಲಿ. ಯಾರಾದರೂ ಗಡ್ಡಿ ಐತಿ ಎಂದರೆ, "ಯಾವ ಗಡ್ಡಿ? ಎಲ್ಲೈತಿ, ಗರ್ಭಚೀಲದಾಗೋ ಅಂಡಾಶಯದಾಗೋ? ನೀರಿಂದೋ ಗಟ್ಟಿದೋ?" ಎಂದು ಕೇಳಿ. ಅಂಡಾಶಯದ ಗಡ್ಡೆಯಾಗಿದ್ದರೆ ಸೂಜಿ ಚುಚ್ಚಿಸಿ ನೀರು ತೆಗೆಸುವ ಆತುರ ಬೇಡ, ಕ್ಯಾನ್ಸರಾಗಿದ್ದರೆ ಹೊಟ್ಟೆಯೆಲ್ಲ ಚೆಲ್ಲಿಬಿಡುತ್ತದೆ. ಹದಿನೈದು ತುಂಬಿದರೂ ಮುಟ್ಟಾಗದ ಮಗಳನ್ನು, ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡ ಅವ್ವನನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಡ್ಡೆ ತೆಗೆಸಿದ ಮೇಲೆ ಅದನ್ನು ಬಯಾಪ್ಸಿಗೆ ಕಳಿಸಿದರಾ ಎಂದು ವಿಚಾರಿಸಿ, ರಿಪೋರ್ಟನ್ನು ಕೈಗೆ ತೆಗೆದುಕೊಂಡು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.