ಪ್ರಾರ್ಥನೆ, ಆಕ್ಷೇಪ, ತೀರ್ಮಾನ: 1539ರ ರೋಮ್ ಸಮಾಲೋಚನೆಯ ವಿಧಾನ

ಯೇಸುಸಭೆಯ ಹುಟ್ಟನ್ನು ಕುರಿತ ಬರಹಗಳಲ್ಲಿ ಇಗ್ನೇಷಿಯಸ್ ಲೊಯೋಲರ ವ್ಯಕ್ತಿತ್ವವೇ ಸಾಮಾನ್ಯವಾಗಿ ಮುನ್ನೆಲೆಗೆ ಬರುತ್ತದೆ. ಆದರೆ 1539ರಲ್ಲಿ ರೋಮಿನಲ್ಲಿ ನಡೆದ ಆದಿ ಸಹಚರರ ಸಮಾಲೋಚನೆಯನ್ನು ದಾಖಲಿಸುವ ಲ್ಯಾಟಿನ್ ಬರಹದ ನಿರೂಪಣೆ ‘ನಾವು’ ಎಂಬ ಬಹುವಚನದಲ್ಲಿದೆ. ಈ ಸಮಾಲೋಚನೆ ಆ ವರ್ಷದ ತಪಸ್ಸುಕಾಲದಲ್ಲಿ ಆರಂಭವಾಗಿ ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬಕ್ಕೆ ಮುಗಿಯಿತು. ಅಲ್ಲಿ ಪ್ರಾರ್ಥನೆಯು ಯೋಜನೆಗೆ ಬರೀ ಪೀಠಿಕೆಯಾಗಿರಲಿಲ್ಲ, ಭಿನ್ನಾಭಿಪ್ರಾಯವನ್ನು ನಿಭಾಯಿಸುವ ಶಿಸ್ತೂ ಆಗಿತ್ತು ಎಂಬುದು ಈ ಲೇಖನದ ವಾದ.

ತಂಡದ ಸ್ವರೂಪವನ್ನು ಮೊದಲು ಗಮನಿಸಬೇಕು. ಲೊಯೋಲ ಬಾಸ್ಕ್ ನಾಡಿನವರು, ಫ್ರಾನ್ಸಿಸ್ ಝೇವಿಯರ್ ನವಾರದವರು. ಲೈನೆಸ್, ಸಾಲ್ಮೆರೋನ್, ಬೊಬಾದಿಯಾ ಕ್ಯಾಸ್ಟೀಲಿನವರಾದರೆ ರೊಡ್ರಿಗೆಸ್ ಪೋರ್ಚುಗಲ್ಲಿನವರು. ಫಾವ್ರ್ ಮತ್ತು ಜೇ ಸವಾಯ್ ಪ್ರಾಂತದಿಂದ, ಬ್ರೋಯೆ ಮತ್ತು ಕೋಡ್ಯೂರ್ ಫ್ರಾನ್ಸಿನಿಂದ ಬಂದಿದ್ದರು. ಸ್ಪೇನ್ ಮತ್ತು ಫ್ರಾನ್ಸಿನ ಅರಸರು 1538ರ ಜೂನ್‌ವರೆಗೂ ಯುದ್ಧದಲ್ಲಿದ್ದರು. ಆ ಅರಸರ ಪ್ರಜೆಗಳು ಇಲ್ಲಿ ಒಂದೇ ಮನೆಯಲ್ಲಿದ್ದರು. ಪ್ಯಾರಿಸ್ ವಿಶ್ವವಿದ್ಯಾಲಯದ ಓದು ಅವರನ್ನು ಬೆಸೆದಿತ್ತು. ಜೆರುಸಲೇಮಿಗೆ ಹೋಗುವ ಅವರ ಸಂಕಲ್ಪ ವೆನಿಸ್ ಮತ್ತು ತುರ್ಕರ ನಡುವಿನ ಯುದ್ಧದಿಂದಾಗಿ ಕೈಗೂಡದಿದ್ದಾಗ, 1538ರಲ್ಲಿ ಅವರು ಮೂರನೆಯ ಪೌಲ್ ಪೋಪರ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡರು. ಪೋಪರು ಇಬ್ಬರನ್ನು ಸಿಯೆನಾಕ್ಕೆ ಕಳುಹಿಸಲು ಮುಂದಾದಾಗ ಪ್ರಶ್ನೆ ಎದುರಾಯಿತು: ಚದುರಿ ಹೋದರೂ ಒಂದೇ ತಂಡವಾಗಿ ಉಳಿಯಬೇಕೆ?

ಉಳಿಯಬೇಕು ಎಂಬ ನಿರ್ಧಾರಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಎರಡನೆಯ ಪ್ರಶ್ನೆಯೇ ಕಗ್ಗಂಟಾಯಿತು. ಬಡತನ ಮತ್ತು ಬ್ರಹ್ಮಚರ್ಯದ ವ್ರತ ತೊಟ್ಟಿದ್ದ ಅವರು ತಮ್ಮಲ್ಲೇ ಒಬ್ಬರಿಗೆ ವಿಧೇಯತೆಯ ವ್ರತವನ್ನೂ ಸ್ವೀಕರಿಸಬೇಕೆ? ಹಲವು ದಿನ ಪ್ರಾರ್ಥಿಸಿದರೂ ಉತ್ತರ ಸಿಗಲಿಲ್ಲ. ಎಲ್ಲಾದರೂ ಏಕಾಂತಕ್ಕೆ ಹೋಗೋಣವೆ ಎಂದೂ ಯೋಚಿಸಿದರು. ಕೊನೆಗೆ, ರೋಮಿನ ಜನರ ಸೇವೆ ನಿಲ್ಲಬಾರದೆಂದು ನಗರದಲ್ಲೇ ಉಳಿದರು: ದಿನದ ಅರ್ಧ ಭಾಗ ಧ್ಯಾನ ಮತ್ತು ಚಿಂತನೆಗೆ, ಉಳಿದರ್ಧ ಪ್ರಬೋಧನೆ ಮತ್ತು ಪಾಪನಿವೇದನೆಗೆ.

ಮುಂದೆ ಅವರು ಹಾಕಿಕೊಂಡ ಮೂರು ನಿಯಮಗಳಲ್ಲಿ ವಿಧಾನದ ತಿರುಳಿದೆ. ಒಂದು, ಪ್ರತಿಯೊಬ್ಬನೂ ಬಲಿಪೂಜೆಯಲ್ಲಿ, ಧ್ಯಾನದಲ್ಲಿ ಪವಿತ್ರಾತ್ಮರ ಶಾಂತಿಯನ್ನು ಬೇಡಬೇಕು; ಆಳುವುದಕ್ಕಿಂತ ವಿಧೇಯನಾಗಿರುವುದರ ಕಡೆಗೇ ಮನಸ್ಸು ವಾಲಿರಬೇಕು. ಎರಡು, ಈ ವಿಷಯವಾಗಿ ಯಾರೂ ಇನ್ನೊಬ್ಬ ಸಹಚರನೊಡನೆ ಮಾತಾಡಬಾರದು, ಅವನ ಮನವೊಲಿಸಲು ಯತ್ನಿಸಬಾರದು. ಮೂರು, ತಾನು ಈ ತಂಡಕ್ಕೆ ಸೇರಿದವನಲ್ಲ, ಹೊರಗಿನವನು ಎಂದು ಭಾವಿಸಿ ಪ್ರತಿಯೊಬ್ಬನೂ ಅಭಿಪ್ರಾಯ ರೂಪಿಸಿಕೊಳ್ಳಬೇಕು. ಮೊದಲನೆಯದು ಅಧಿಕಾರದಾಸೆಗೆ, ಎರಡನೆಯದು ಗುಂಪುಗಾರಿಕೆಗೆ, ಮೂರನೆಯದು ಸ್ವಹಿತಕ್ಕೆ ಕಡಿವಾಣ. ಇವು ಅಧ್ಯಾತ್ಮದ ನಿಯಮಗಳೂ ಹೌದು, ಸಭಾ ನಡಾವಳಿಯ ನಿಯಮಗಳೂ ಹೌದು.

ಆಮೇಲೆ ಒಂದು ದಿನವನ್ನು ಪೂರ್ತಿಯಾಗಿ ಆಕ್ಷೇಪಗಳಿಗೇ ಮೀಸಲಿಟ್ಟರು. ವಿಧೇಯತೆ ಎಂಬ ಮಾತಿಗೇ ಜನರಲ್ಲಿ ಕೆಟ್ಟ ಹೆಸರು ಬಂದಿದೆ, ಪೋಪರು ಹಳೆಯ ಯಾವುದಾದರೂ ಸಭೆಯ ನಿಯಮಕ್ಕೆ ತಮ್ಮನ್ನು ಒಳಪಡಿಸಬಹುದು, ಸೇರಬಯಸುವವರು ಹಿಂಜರಿಯಬಹುದು ಎಂಬ ಅಳುಕುಗಳು ಹೊರಬಂದವು. ಪರವಾದ ಮಾತುಗಳ ಸರದಿ ಮರುದಿನ ಬಂತು: ವಿಧೇಯತೆ ಇಲ್ಲದ ತಂಡ ಬಾಳದು, ಮನೆಯ ದಿನನಿತ್ಯದ ಹೊಣೆಯನ್ನೂ ಯಾರೂ ಹೊರರು. ಹೀಗೆ ಎರಡೂ ಬದಿಯನ್ನು ತೂಗಿದ ಮೇಲೆ ಸರ್ವಾನುಮತ ಮೂಡಿತು. ಏಪ್ರಿಲ್ 15ರಂದು ಬಲಿಪೂಜೆಯ ಬಳಿಕ ತೀರ್ಮಾನಕ್ಕೆ ಸಹಿಬಿತ್ತು. 1540ರ ಸೆಪ್ಟೆಂಬರ್ 27ರಂದು ಯೇಸುಸಭೆಯನ್ನು ಅಂಗೀಕರಿಸುವ ಪೋಪರ ಶಾಸನವೂ ಹೊರಟಿತು.

ಈ ತೀರ್ಮಾನದ ಗಟ್ಟಿತನಕ್ಕೆ ಝೇವಿಯರರೇ ಸಾಕ್ಷಿ. 1540ರ ಮಾರ್ಚ್‌ನಲ್ಲಿ ರೋಮ್ ಬಿಡುವ ಮುನ್ನ, ಮುಂದೆ ನಡೆಯಲಿದ್ದ ಮುಖ್ಯಸ್ಥರ ಆಯ್ಕೆಗೆ ತಮ್ಮ ಮತವನ್ನು ಬರೆದಿಟ್ಟು ಹೊರಟರು. 1542ರ ಮೇ 6ರಂದು ಗೋವೆಗೆ ಬಂದಿಳಿದರು. ಮತ್ತೆಂದೂ ಯುರೋಪಿಗೆ ಮರಳಲಿಲ್ಲ.

2023ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್ನಿನ ಸಿನೊಡ್‌ಗೆ ಹಲವು ದೇಶಗಳಿಂದ ಬಂದವರು ದುಂಡುಮೇಜುಗಳ ಸುತ್ತ ಕುಳಿತು ಅನುಸರಿಸಿದ ‘ಪವಿತ್ರಾತ್ಮರಲ್ಲಿ ಸಂವಾದ’ ಈ ಪರಂಪರೆಗೇ ಸೇರಿದ್ದು. ಪ್ರತಿಯೊಬ್ಬರ ಮಾತು, ನಡುನಡುವೆ ಮೌನ, ಕೇಳಿದ್ದು ಮನದಲ್ಲಿ ಎಬ್ಬಿಸಿದ ಒಪ್ಪಿಗೆ ಅಥವಾ ಪ್ರತಿರೋಧದ ನಿವೇದನೆ, ಕೊನೆಗೆ ಜೊತೆಗೂಡಿ ವಿವೇಚನೆ, ಇದು ಅದರ ಕ್ರಮ. ಆದರೆ ಆಕ್ಷೇಪಗಳಿಗೆಂದೇ ಮೀಸಲಾದ ಸುತ್ತು ಈ ಕ್ರಮದಲ್ಲಿಲ್ಲ. 1539ರ ಸರ್ವಾನುಮತಕ್ಕೆ ಬಲ ಬಂದದ್ದೇ ಆಕ್ಷೇಪಗಳಿಗೆ ಮೀಸಲಿಟ್ಟ ಆ ದಿನದಿಂದ. ಸೇವಾತಂಡಗಳ ಪ್ರಾರ್ಥನೆ ಮತ್ತು ಯೋಜನಾ ಸಭೆಗಳನ್ನು ಇಂದು ರೂಪಿಸುವವರು ಆ ದಿನವನ್ನು ಮತ್ತೆ ಕಾರ್ಯಸೂಚಿಗೆ ಸೇರಿಸಬೇಕು.