ವಿಷಾನಿಲಕ್ಕೆ ಬಿಳಿ ಏಕೆ? ಮುರ್ಮುಗೋವಾದ ಅಮೋನಿಯ ಮತ್ತು ಅಪಾಯದ ಲೇಬಲ್ಲುಗಳ ಬಣ್ಣ

2018ರ ಜನವರಿ 19ರ ನಸುಕಿನಲ್ಲಿ ಮುರ್ಮುಗೋವಾ ಬಂದರಿನಿಂದ ಜುವಾರಿನಗರದ ಗೊಬ್ಬರ ಕಾರ್ಖಾನೆಯತ್ತ ಹೊರಟಿದ್ದ ಅಮೋನಿಯ ಟ್ಯಾಂಕರ್ ವಾಸ್ಕೊ ಸಮೀಪದ ಚಿಕಾಲಿಮ್‌ನಲ್ಲಿ ಮಗುಚಿತು. ಅನಿಲ ಸೋರಿ, ಸುತ್ತಲಿನ ಮನೆಗಳವರನ್ನು ಕತ್ತಲಲ್ಲೇ ಎಬ್ಬಿಸಿ ಬೇರೆಡೆಗೆ ಕಳಿಸಬೇಕಾಯಿತು. ಕೆಲವರು ಆಸ್ಪತ್ರೆ ಸೇರಿದರು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಈ ಅನಿಲದ ಸಂಖ್ಯೆ 1005. ಹಡಗು ಸಾಗಣೆಯ ಐಎಂಡಿಜಿ ಸಂಹಿತೆ ಅದನ್ನು ವರ್ಗ 2.3ರಲ್ಲಿ, ಎಂದರೆ ವಿಷಾನಿಲಗಳಲ್ಲಿ ಸೇರಿಸಿದೆ. ಚರ್ಮ, ಕಣ್ಣುಗಳನ್ನು ಸುಡುವ ಗುಣಕ್ಕಾಗಿ ವರ್ಗ 8ನ್ನು ಉಪ ಅಪಾಯವೆಂದು ಜೋಡಿಸಿದೆ. ವರ್ಗ 2.3ರ ಲೇಬಲ್ಲಿನ ನೆಲ ಬಿಳಿ, ಅದರ ಮೇಲೆ ಕಪ್ಪು ತಲೆಬುರುಡೆ.

ಈ ಬಿಳಿಯೇ ಪ್ರಸ್ತುತ ಲೇಖನದ ವಿಷಯ. ಎಚ್ಚರಿಕೆ ಫಲಕಗಳ ಸಂಶೋಧನೆಯಲ್ಲಿ ಆಲ್ಫಾನ್ಸ್ ಚಾಪಾನಿಸ್ 1994ರಲ್ಲಿ ‘ಎರ್ಗೊನಾಮಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಮುಖ್ಯವಾದುದು. ಕೆಂಪು, ಕಿತ್ತಳೆ, ಹಳದಿ, ಬಿಳಿ ಈ ನಾಲ್ಕರಲ್ಲಿ ನೋಡುಗರು ಅತಿ ಹೆಚ್ಚು ಅಪಾಯ ಕಂಡದ್ದು ಕೆಂಪಿನಲ್ಲಿ, ಅತಿ ಕಡಿಮೆ ಕಂಡದ್ದು ಬಿಳಿಯಲ್ಲಿ. ಈ ಫಲಿತಾಂಶವನ್ನು ಸಾಗಣೆಯ ಲೇಬಲ್ಲುಗಳಿಗೆ ಹಾಗೆಯೇ ಅನ್ವಯಿಸಿದರೆ, ಉಸಿರಿನ ಮೂಲಕ ಕೊಲ್ಲಬಲ್ಲ ಅನಿಲಕ್ಕೆ ಅತ್ಯಂತ ಸೌಮ್ಯ ಬಣ್ಣ ಕೊಟ್ಟದ್ದು ತಪ್ಪೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆ ಅನ್ವಯ ಸಲ್ಲದು ಎಂಬುದು ಇಲ್ಲಿನ ವಾದ.

ವ್ಯವಸ್ಥೆಯ ಇತಿಹಾಸದಲ್ಲಿ ವಿವಾದವಿಲ್ಲ. ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಮೊದಲ ಶಿಫಾರಸುಗಳು 1956ರಲ್ಲಿ ಬಂದವು. ಅವನ್ನು ಆಧರಿಸಿದ ಐಎಂಡಿಜಿ ಸಂಹಿತೆ 1965ರಲ್ಲಿ ಅಂಗೀಕೃತವಾಗಿ, 2004ರ ಜನವರಿ 1ರಿಂದ ಕಡ್ಡಾಯವಾಯಿತು. ಅಪಾಯಗಳಿಗೆ ಒಂಬತ್ತು ವರ್ಗ. ಲೇಬಲ್ಲು ಮೂಲೆಯ ಮೇಲೆ ನಿಂತ ಚೌಕ: ಪೊಟ್ಟಣದ ಮೇಲೆ ಪ್ರತಿ ಬದಿ 100 ಮಿ.ಮೀ., ಕಂಟೇನರ್ ಮತ್ತು ಟ್ಯಾಂಕುಗಳ ಮೇಲೆ 250 ಮಿ.ಮೀ. ಸ್ಫೋಟಕಕ್ಕೆ ಕಿತ್ತಳೆ, ಉರಿಯುವ ಅನಿಲಕ್ಕೂ ದ್ರವಕ್ಕೂ ಕೆಂಪು, ಉರಿಯದ ಮತ್ತು ವಿಷವಲ್ಲದ ಅನಿಲಕ್ಕೆ ಹಸಿರು, ನೀರು ತಾಗಿದರೆ ಉರಿಯುವ ಅನಿಲ ಬಿಡುವ ವಸ್ತುವಿಗೆ ನೀಲಿ, ಆಮ್ಲಜನಕ ಒದಗಿಸಿ ಬೆಂಕಿ ಹೆಚ್ಚಿಸುವುದಕ್ಕೆ ಹಳದಿ, ವಿಷಕ್ಕೆ ಬಿಳಿ.

ಈ ಪಟ್ಟಿಯನ್ನು ಅಪಾಯದ ಏರುಕ್ರಮವೆಂದು ಓದಲು ಆಧಾರವಿಲ್ಲ. ಎರಡು ಜೋಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಉರಿಯುವ ಅನಿಲದ (2.1) ಲೇಬಲ್ಲಿಗೂ ಉರಿಯುವ ದ್ರವದ (3) ಲೇಬಲ್ಲಿಗೂ ಕೆಂಪು ನೆಲ, ಜ್ವಾಲೆಯ ಚಿಹ್ನೆ, ಕೆಳಮೂಲೆಯ ಅಂಕಿ ಮಾತ್ರ ಬೇರೆ. ವಿಷಾನಿಲ (2.3) ಮತ್ತು ವಿಷವಸ್ತುಗಳ (6.1) ಲೇಬಲ್ಲುಗಳಿಗೂ ಇದೇ ಸಂಬಂಧ: ಬಿಳಿ ನೆಲ ಒಂದೇ, ತಲೆಬುರುಡೆ ಒಂದೇ, ಕೆಳಗಿನ ಅಂಕಿ ಒಂದರಲ್ಲಿ 2, ಇನ್ನೊಂದರಲ್ಲಿ 6. ಎಂದರೆ ನೆಲ ಮತ್ತು ಚಿಹ್ನೆ ಕೇಡಿನ ಬಗೆಯನ್ನು ಹೇಳುತ್ತವೆ. ವಸ್ತು ಅನಿಲವೋ ಅಲ್ಲವೋ ಎಂಬುದನ್ನು ಅಂಕಿ ಹೇಳುತ್ತದೆ. ಕೇಡು ಎಷ್ಟು ಎಂಬುದನ್ನು ಎರಡೂ ಹೇಳುವುದಿಲ್ಲ.

ಇದಕ್ಕೆ ಬಲವಾದ ಸಾಕ್ಷ್ಯ ವರ್ಗ 5.2ರ ಬದಲಾವಣೆ. ಸಾವಯವ ಪೆರಾಕ್ಸೈಡುಗಳ ಲೇಬಲ್ಲು ಹಿಂದೆ ಪೂರ್ತಿ ಹಳದಿಯಾಗಿತ್ತು. ಪರಿಷ್ಕೃತ ಮಾದರಿಯಲ್ಲಿ ಮೇಲರ್ಧ ಕೆಂಪಾಗಿ ಜ್ವಾಲೆ ಬಂತು, ಕೆಳರ್ಧ ಹಳದಿಯಾಗಿಯೇ ಉಳಿಯಿತು. ಹಳೆಯ ಮಾದರಿಗೆ 2010ರ ಕೊನೆಯವರೆಗಷ್ಟೇ ಅವಕಾಶವಿತ್ತು. ಪೆರಾಕ್ಸೈಡುಗಳ ಅಪಾಯ ಆ ವರ್ಷಗಳಲ್ಲಿ ಹೆಚ್ಚಲಿಲ್ಲ. ಅವು ತಾವೇ ಉರಿಯಬಲ್ಲವು ಎಂಬ ಗುಣ ಹಳೆಯ ಹಳದಿಯಲ್ಲಿ ಕಾಣುತ್ತಿರಲಿಲ್ಲ, ಹೊಸ ಕೆಂಪಿನಲ್ಲಿ ಕಾಣುತ್ತದೆ. ಸಂಹಿತೆ ತನ್ನ ಬಣ್ಣವನ್ನು ತಿದ್ದಿಕೊಂಡಾಗ ಕೇಡಿನ ಬಗೆಯನ್ನು ಅನುಸರಿಸಿಯೇ ತಿದ್ದಿಕೊಂಡಿತು.

ಈ ವಾದಕ್ಕೆ ಮಿತಿಗಳಿವೆ. ವರ್ಗ 4.3ರ ಲೇಬಲ್ಲಿನಲ್ಲಿ ಜ್ವಾಲೆಯಿದ್ದರೂ ನೆಲ ನೀಲಿ. ಅಲ್ಲಿ ಬಣ್ಣ ಸೂಚಿಸುವುದು ದೂರವಿಡಬೇಕಾದ ನೀರನ್ನು. 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 12 ಕಂಟೇನರುಗಳಲ್ಲಿದ್ದ ಕ್ಯಾಲ್ಸಿಯಂ ಕಾರ್ಬೈಡ್ ಈ ವರ್ಗದ್ದೇ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಬಿಳಿ ವಿಷಕ್ಕೆ ಮಾತ್ರ ಮೀಸಲಲ್ಲ: 4.1ರಲ್ಲಿ ಕೆಂಪು ಪಟ್ಟೆಗಳ ನಡುವೆ, 4.2 ಮತ್ತು 8ರಲ್ಲಿ ಮೇಲರ್ಧದಲ್ಲಿ, 9ರಲ್ಲಿ ಕಪ್ಪು ಪಟ್ಟೆಗಳ ನಡುವೆ ಬಿಳಿಯೇ ಇದೆ. ಆದ್ದರಿಂದ ಬಿಳಿ ತಾನಾಗಿ ‘ವಿಷ’ ಎನ್ನುತ್ತದೆಂದು ಹೇಳಲಾಗದು; ಹೇಳುವುದು ತಲೆಬುರುಡೆ, ಬಿಳಿ ಅದಕ್ಕೆ ಹಿನ್ನೆಲೆ. ಆದರೆ ಈ ಕೆಲಸಕ್ಕೆ ಬಿಳಿ ತಕ್ಕುದು. ಸಂಹಿತೆ ಬಣ್ಣಗಳನ್ನು ಹೆಸರಿಸುತ್ತದೆಯೇ ಹೊರತು ಛಾಯೆಗೆ ಅಳತೆ ಕೊಡುವುದಿಲ್ಲ. ಆ ಅಳತೆಯನ್ನು ಅಮೆರಿಕದ ನಿಯಮಗಳು ಪ್ರತ್ಯೇಕವಾಗಿ ಕೊಟ್ಟಿವೆ. ಸಮುದ್ರದಲ್ಲಿ ಕನಿಷ್ಠ ಮೂರು ತಿಂಗಳು ಮುಳುಗಿದ್ದರೂ ಪೊಟ್ಟಣದ ಲೇಬಲ್ಲು ಗುರುತು ಹಿಡಿಯುವಂತಿರಬೇಕು ಎಂಬುದಷ್ಟೇ ಸಂಹಿತೆಯ ಷರತ್ತು. ಬಿಸಿಲಿಗೆ ಕೆಂಪು ಮಾಸುತ್ತದೆ; ಬಿಳಿಯ ಮೇಲಿನ ಕಪ್ಪು ಅಷ್ಟು ಸುಲಭವಾಗಿ ಅಳಿಸಿಹೋಗದು.

ಅಮೋನಿಯದ ಮಟ್ಟಿಗೆ ಹೋಲಿಸಿ ನೋಡಲು ಇನ್ನೊಂದು ಬಣ್ಣವೂ ಇದೆ. ಅಮೆರಿಕದ ಸಾರಿಗೆ ನಿಯಮಗಳ ಪಟ್ಟಿಯಲ್ಲಿ ಇದೇ ಅನಿಲ ಎರಡು ಬಾರಿ ನಮೂದಾಗಿದೆ: ಅಂತರರಾಷ್ಟ್ರೀಯ ಸಾಗಣೆಗೆ 2.3, ದೇಶದೊಳಗಿನ ಸಾಗಣೆಗೆ 2.2. ಎರಡನೆಯದರ ಬಣ್ಣ ಹಸಿರು. ಹಸಿರು ಹೇಳದೆ ಬಿಟ್ಟದ್ದನ್ನು ತುಂಬಲು, ಉಸಿರಾಡಿದರೆ ಅಪಾಯ ಎಂಬ ಇಂಗ್ಲಿಷ್ ಬರಹವನ್ನು ಬೇರೆಯಾಗಿ ಹಾಕಬೇಕು. ಬಣ್ಣ ಮತ್ತು ಚಿಹ್ನೆ ಕೈಬಿಟ್ಟ ಕಡೆ ಅಕ್ಷರ ಹೊಣೆ ಹೊರಬೇಕಾಗುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಮೆಗೆ ಬಂದ ಕನ್ನಡ ಕುಟುಂಬಗಳು ದಶಕಗಳಿಂದ ನೆಲೆಸಿರುವ ಜುವಾರಿನಗರದಂಥ ಊರಿನಲ್ಲಿ ಆ ಹೊಣೆಯನ್ನು ಇಂಗ್ಲಿಷ್ ಅಕ್ಷರ ನಿಭಾಯಿಸಲಾರದು. ತಲೆಬುರುಡೆಗೆ ಲಿಪಿಯ ಹಂಗಿಲ್ಲ.

ಹಾಗಾದರೆ ದೋಷ ಎಲ್ಲಿದೆ? ಪ್ರಸ್ತುತ ಲೇಖನದ ಮುಖ್ಯ ನಿಲುವು ಇದು: ದೋಷವಿರುವುದು ಬಿಳಿಯಲ್ಲಲ್ಲ, 2.3 ಮತ್ತು 6.1ರ ಭೇದವನ್ನೆಲ್ಲ ಒಂದು ಅಂಕಿಗೆ ಬಿಟ್ಟುದರಲ್ಲಿ. ಚೆಲ್ಲಿದ ವಿಷದ ಪುಡಿಯಾದರೆ ಮುಟ್ಟದೆ ದೂರ ನಿಂತರೆ ಬಹುಪಾಲು ಸಾಕು. ಅಮೋನಿಯವಾದರೆ ಗಾಳಿ ಬೀಸುವ ದಿಕ್ಕು ನೋಡಿ ಅಡ್ಡ ಹಾಯ್ದು ದೂರ ಹೋಗಬೇಕು. ಅಮೋನಿಯ ಗಾಳಿಗಿಂತ ಹಗುರವೆಂಬುದನ್ನೂ ನಂಬುವಂತಿಲ್ಲ; ಮೈನಸ್ 33 ಡಿಗ್ರಿಯಲ್ಲಿ ಕುದಿಯುವ ಈ ದ್ರವ ಒತ್ತಡದಿಂದ ಒಮ್ಮೆಲೇ ಹೊರಚಿಮ್ಮಿದಾಗ ತಣ್ಣನೆಯ ಮಂಜಾಗಿ ನೆಲದ ಮೇಲೇ ಹರಡಬಲ್ಲದು. ಹೀಗೆ ಬೇರೆ ಬೇರೆ ನಡೆ ಬೇಡುವ ಎರಡು ಅಪಾಯಗಳಿಗೆ ದೂರದಿಂದ ಕಾಣುವ ಮುಖ ಒಂದೇ. ಈ ನಿಲುವನ್ನು ಹಡಗುಗಳಿಗೆ ವಿಸ್ತರಿಸುವುದು ಸರಿಯಲ್ಲ. ಅಮೋನಿಯ ತರುವ ಹಡಗು ಬೇರೊಂದು ಸಂಹಿತೆಗೆ ಒಳಪಟ್ಟಿದೆ. ಕಂಟೇನರ್ ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳ ಲೇಬಲ್ಲುಗಳು ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. 2024ರ ಜುಲೈ 19ರಂದು ಕಾರವಾರದಾಚೆಯ ಸಮುದ್ರದಲ್ಲಿ ಮರ್ಸ್ಕ್ ಫ್ರಾಂಕ್‌ಫರ್ಟ್ ಹೊತ್ತಿದಾಗಿನಂಥ ಸಂದರ್ಭಗಳಲ್ಲಿ ನೆರವಿಗೆ ಬರಬೇಕಾದದ್ದು ಅಪಾಯಕಾರಿ ಸರಕಿನ ಪಟ್ಟಿ. ರಸ್ತೆಯಲ್ಲಿ, ಅದೂ ಹಗಲಿನಲ್ಲಿ, ಲೇಬಲ್ಲು ಕಾಣುವಷ್ಟು ಸಮೀಪದಲ್ಲಿ ಜನರಿರುವಾಗ ಮಾತ್ರ ಈ ದೋಷಕ್ಕೆ ಅರ್ಥವಿದೆ. ಚಿಕಾಲಿಮ್‌ನ ಕತ್ತಲಲ್ಲಿ ಯಾವ ಬಣ್ಣವೂ ಹೆಚ್ಚು ನೆರವಾಗುತ್ತಿರಲಿಲ್ಲ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಥ ವಾಹನಕ್ಕೆ ತುರ್ತು ಮಾಹಿತಿ ಫಲಕವನ್ನು ಕಡ್ಡಾಯಗೊಳಿಸಿವೆ. ವರ್ಗದ ಲೇಬಲ್ಲು ಅದರ ಭಾಗ. ಅದೇ ನಿಯಮಗಳ 9ನೇ ನಿಯಮ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದುಬರಹವನ್ನೂ ತರಬೇತಿಯನ್ನೂ ವಿಧಿಸಿತು. ಫಲಕದ ಓದುಗನಾಗಿ ಚಾಲಕನನ್ನು ಸಿದ್ಧಗೊಳಿಸಿದ ಕಾನೂನು, ರಸ್ತೆಬದಿಯ ನಿವಾಸಿಯನ್ನು ಓದುಗನೆಂದು ಎಣಿಸಲಿಲ್ಲ. ಅನಿಲ ತಾಗುವುದು ಇಬ್ಬರಿಗೂ.

ಉಳಿದ ಪ್ರಶ್ನೆಗಳು ಎರಡು. ಚಾಪಾನಿಸ್ ಅಳೆದದ್ದು ಬಣ್ಣ ಮತ್ತು ಎಚ್ಚರಿಕೆಯ ಪದಗಳನ್ನು. ತಲೆಬುರುಡೆ ಸೇರಿದಾಗ ಬಿಳಿಯ ಸೌಮ್ಯತೆ ಎಷ್ಟು ಉಳಿಯುತ್ತದೆ ಎಂಬುದು ಆ ಪ್ರಯೋಗದಿಂದ ತಿಳಿಯದು. ಎರಡನೆಯದಾಗಿ, ವಾಸ್ಕೊದಿಂದ ಜುವಾರಿನಗರದವರೆಗಿನ ರಸ್ತೆಯಂಚಿನ ಕನ್ನಡ, ಕೊಂಕಣಿ, ಹಿಂದಿ ಭಾಷಿಕರು 2.3 ಮತ್ತು 6.1ರ ಲೇಬಲ್ಲುಗಳನ್ನು ಬೇರ್ಪಡಿಸಿ ನೋಡಬಲ್ಲರೇ ಎಂಬುದನ್ನು ಅವರ ನಡುವೆಯೇ ಪರೀಕ್ಷಿಸಬೇಕು. ಬಹುಪಾಲು ಜನ ಬೇರ್ಪಡಿಸಬಲ್ಲರೆಂದು ಕಂಡುಬಂದರೆ, ಇಲ್ಲಿನ ಮುಖ್ಯ ನಿಲುವನ್ನು ಕೈಬಿಡಬೇಕಾಗುತ್ತದೆ. ಅಲ್ಲಿಯವರೆಗೆ ಹೇಳಬಹುದಾದದ್ದು ಇಷ್ಟು: ಬಿಳಿಯನ್ನು ಬದಲಾಯಿಸುವ ಚರ್ಚೆಗಿಂತ ಅಂಕಿಯನ್ನು ದೊಡ್ಡದಾಗಿಸುವ ಚರ್ಚೆ ಹೆಚ್ಚು ಫಲ ಕೊಟ್ಟೀತು.